ಹತ್ತೋಕೆ ಟಿಕೆಟ್, ಇಳಿಯೋಕೆ ಕಾಲು: ಲಿಯಾನ್‌ನಲ್ಲಿ 20 ಯೂರೋ ಒಳಗೆ ಒಂದು ದಿನ

ಫ್ರಾನ್ಸ್‌ನ ಲಿಯಾನ್‌ನಲ್ಲಿರುವ ಕ್ರೊವಾ-ರೂಸ್, ಫೂರ್ವಿಯೇರ್ ಎರಡೂ ಗುಡ್ಡಗಳನ್ನು ಒಂದೇ ಶನಿವಾರ ನೋಡುತ್ತೇನೆ, ಅದೂ 20 ಯೂರೋ ಒಳಗೆ ಅಂದಾಗ ನಮ್ಮ ಹಾಸ್ಟೆಲ್‌ನ ಕನ್ನಡದ ಹುಡುಗರು ಯಾರೂ ನಂಬಲಿಲ್ಲ. "ಆಗಲ್ಲ ಮಗಾ, ಮಧ್ಯಾಹ್ನಕ್ಕೇ ಕಾಲು ಬಿದ್ದೋಗುತ್ತೆ" ಅಂದರು. ಈಗ ಊರಿಂದ ಯಾರಾದರೂ ಬಂದರೆ ಅವರೇ ನನ್ನ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾರೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ಒಂದು ದಿನದ ಟೂರಿಸ್ಟ್ ಕಾರ್ಡ್‌ಗೆ ಹತ್ತಿರ ಹತ್ತಿರ 30 ಯೂರೋ. ಹಾಕಿದ ದುಡ್ಡು ಹುಟ್ಟಬೇಕಾದರೆ ಒಂದು ಮ್ಯೂಸಿಯಂನಿಂದ ಇನ್ನೊಂದಕ್ಕೆ ಓಡುತ್ತಲೇ ಇರಬೇಕು, ಊರು ಕಾಣುವುದೇ ಇಲ್ಲ. ಪೂರ್ತಿ ನಡೆದೂ ನೋಡಿದೆ. ಫೂರ್ವಿಯೇರ್ ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಹೋಗಿತ್ತು, ಎರಡನೇ ಗುಡ್ಡ ಹಾಗೇ ಉಳಿಯಿತು. ಆಮೇಲೆ ಬಾಡಿಗೆ ಸೈಕಲ್. ಪಾಸ್ ಇದ್ದರೆ ಮೊದಲ ಅರ್ಧ ಗಂಟೆ ಬಿಟ್ಟಿ ಅಲ್ವಾ, ಹಾಗಾಗಿ ಅರ್ಧರ್ಧ ಗಂಟೆಗೆ ಸೈಕಲ್ ಬದಲಿಸುತ್ತಾ ತಿರುಗಿದೆ. ರೋನ್ ನದಿ ದಂಡೆಯಲ್ಲಿ ಸೊಗಸಾಗಿತ್ತು. ಆದರೆ ಗುಡ್ಡದಿಂದ ಇಳಿದು ಬಂದರೆ ಕೆಳಗಿನ ಸ್ಟ್ಯಾಂಡ್‌ಗಳೆಲ್ಲ ಭರ್ತಿ, ಸೈಕಲ್ ಬಿಡಲು ಜಾಗವೇ ಇಲ್ಲ. ಊರಿನ ಜನ ಸೈಕಲ್‌ನಲ್ಲಿ ಇಳಿಯುತ್ತಾರೆ, ಹತ್ತುವವರು ಕಡಿಮೆ. ಆ ಭರ್ತಿ ಸ್ಟ್ಯಾಂಡ್ ನೋಡಿಯೇ ಉಪಾಯ ಹೊಳೆಯಿತು. ಹತ್ತುವುದಕ್ಕೆ ಮಾತ್ರ ದುಡ್ಡು ಕೊಡಬೇಕು, ಉಳಿದದ್ದನ್ನೆಲ್ಲ ಇಳಿಯುತ್ತಾ ನೋಡಬೇಕು.

ಎರಡು ಬಿಡಿ ಟಿಕೆಟ್ ಸಾಕು. ಒಂದೊಂದಕ್ಕೆ 2 ಯೂರೋ ಚಿಲ್ಲರೆ. ಮೊದಲನೆಯದು ಬೆಳಿಗ್ಗೆ, ಹಲ್ಲುಕಂಬಿ ಹಿಡಿದು ಗುಡ್ಡ ಹತ್ತುವ ಮೆಟ್ರೋ ಸಿ ಲೈನ್‌ಗೆ. ಕ್ರೊವಾ-ರೂಸ್‌ನಲ್ಲಿ ಇಳಿದರೆ ಬುಲೆವಾರ್ಡ್, ಅಂದರೆ ಅಗಲ ರಸ್ತೆ, ಅದರ ತುಂಬಾ ಸಂತೆ. ಆಗಲೇ ಏನೂ ಕೊಳ್ಳಬೇಡಿ, ಸುಮ್ನೆ ರೇಟ್ ನೋಡಿಕೊಂಡು ಬನ್ನಿ.

ಅಲ್ಲಿಂದ ಮೆಜೋಂ ದೇ ಕಾನೂ, ಅಂದರೆ ರೇಷ್ಮೆ ನೇಕಾರರ ಮನೆ. ಗೈಡ್ ಜೊತೆಗಿನ ಪ್ರದರ್ಶನಕ್ಕೆ 7-8 ಯೂರೋ ಆದ ನೆನಪು. ಇಡೀ ದಿನದ ದೊಡ್ಡ ಖರ್ಚು ಇದೇ, ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವನು. ನಮ್ಮ ಮಗ್ಗದ ಮೇಲೆ ಕೂತಿರುವ ಜಕಾರ್ಡ್, ಅಂದರೆ ತೂತಿನ ಕಾರ್ಡುಗಳಿಂದ ವಿನ್ಯಾಸ ನೇಯಿಸುವ ಯಂತ್ರ, ಇದೇ ಊರಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಮಾಡಿದ್ದು. ಅಲ್ಲಿನ ನೇಕಾರರು ಕಾಲುಮಣೆ ಒತ್ತಿದರು. ಹೊಲಿದ ರಟ್ಟಿನ ಸರದಲ್ಲಿ ಒಂದು ಕಾರ್ಡು ಮುಂದೆ ಬಂದು ನಿಂತಿತು. ತೂತಿದ್ದ ಕಡೆ ಸೂಜಿ ಒಳಹೊಕ್ಕು ಆ ಎಳೆ ಮೇಲೆದ್ದಿತು, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯಿತು. ನಡುವೆ ಲಾಳಿ ಹಾಯಿತು. ಮುಂದಿನ ಸಾಲಿನಲ್ಲಿ ಯಾವ ಎಳೆ ಏಳುತ್ತದೆ ಅಂತ ಕಾರ್ಡು ನೋಡಿಯೇ ನಾನು ಹೇಳಿದೆ. ಗೈಡ್ ನನ್ನನ್ನು ಮಗ್ಗದ ಪಕ್ಕಕ್ಕೇ ಕರೆದರು.

ಹನ್ನೆರಡೂವರೆ ದಾಟಿದ ಮೇಲೆ ಮತ್ತೆ ಸಂತೆ. ಅಂಗಡಿ ಎತ್ತುವ ಹೊತ್ತು, ರೇಟ್ ಇಳಿದಿರುತ್ತದೆ. ಬಗೆಟ್ ಅನ್ನುವ ಉದ್ದನೆ ಬ್ರೆಡ್, ಟೊಮೆಟೊ, ಒಂದು ಡಬ್ಬಿ ಸರ್ವೆಲ್ ದ ಕಾನೂ ಸೇರಿ 5 ಯೂರೋ ಒಳಗೇ. ಇದು ಹಸಿ ಚೀಸ್‌ಗೆ ಈರುಳ್ಳಿ ಜಾತಿಯ ಸೊಪ್ಪು, ಬೆಳ್ಳುಳ್ಳಿ, ವಿನೆಗರ್ ಕಲಸಿದ್ದು, ನಮ್ಮ ಮೊಸರುಬಜ್ಜಿಯ ಹಾಗೆ. ಕರಿದ ಮಜ್ಜಿಗೆ ಮೆಣಸಿನಕಾಯಿ ಪುಡಿ ಮಾಡಿ ಬೆರೆಸಿದೆ. ಅದ್ಭುತವಾಗಿತ್ತು. ಬ್ರೆಡ್ಡಿನ ಅಂಗಡಿ ಯಾವುದು ಅಂತ ಮಾತ್ರ ಕೇಳಬೇಡಿ. ಊಟಕ್ಕೆ ಗ್ರೋ ಕಾಯು ಬಂಡೆಯ ಹತ್ತಿರ ಕೂತುಕೊಳ್ಳಿ, ಆಕಾಶ ಶುಭ್ರವಾಗಿದ್ದರೆ ಆಲ್ಪ್ಸ್ ಕಾಣುತ್ತದೆ.

ಇನ್ನು ಇಳಿಯುವುದು. 1831ರ ನವೆಂಬರ್‌ನಲ್ಲಿ ನೇಕಾರರು ಕೂಲಿ ದರಕ್ಕಾಗಿ ದಂಗೆ ಎದ್ದು ಇಳಿದು ಬಂದದ್ದು ಇದೇ ಇಳಿಜಾರಿನಲ್ಲಿ. ಪ್ಲಾಸ್ ಕೋಲ್ಬೇರ್ ಚೌಕದ 9ನೇ ನಂಬರ್ ಬಾಗಿಲಿನಿಂದ ಕೂರ್ ದೇ ವೊರಾಸ್ ಅನ್ನುವ ಅಂಗಳದ ಒಳಗೆ ಹೋಗಿ. ಕತ್ತಲ ಓಣಿ, ಅಂಚೆ ಡಬ್ಬಿಗಳ ಸಾಲು, ಆಮೇಲೆ ತಟ್ಟನೆ ಆರು ಅಂತಸ್ತಿನ ಕಲ್ಲಿನ ಮೆಟ್ಟಿಲು ಎದುರಿಗೆ. ಇಂಥ ಒಳದಾರಿಗಳೇ ಟ್ರಾಬೂಲ್. ಮೇಲಿನ ಮನೆಗಳಲ್ಲಿ ಜನ ಇದ್ದಾರೆ, ಮಾತು ಮೆಲ್ಲಗಿರಲಿ. ನಾನು ಹಾಯುವ ಇನ್ನೊಂದು ಬಾಗಿಲನ್ನು ಇಲ್ಲಿ ಬರೆಯುವುದಿಲ್ಲ. ಜನ ಜಾಸ್ತಿಯಾದರೆ ಬೀಗ ಬೀಳುತ್ತದೆ.

ಕೆಳಗೆ ಸೋನ್ ನದಿ ದಾಟಿದರೆ ಹಳೆ ಊರು. ರ್ಯೂ ಸಾನ್-ಜಾನ್ ಬೀದಿಯ 54ನೇ ಬಾಗಿಲಲ್ಲಿ ಹೊಕ್ಕು ರ್ಯೂ ದ್ಯು ಬಫ್‌ನ 27ರಲ್ಲಿ ಹೊರಬಿದ್ದೆ. ಆ ಭಾಗದಲ್ಲಿ ಇದೇ ಉದ್ದದ ಟ್ರಾಬೂಲ್. ಎರಡನೇ ಟಿಕೆಟ್ ಹತ್ತಿರದ ಫ್ಯೂನಿಕ್ಯುಲರ್‌ಗೆ, ಅಂದರೆ ಹಗ್ಗ ಎಳೆದು ಗುಡ್ಡ ಹತ್ತಿಸುವ ರೈಲಿಗೆ. ಫೂರ್ವಿಯೇರ್ ಚರ್ಚ್‌ಗೆ ದುಡ್ಡಿಲ್ಲ, ರೋಮನ್ನರ ರಂಗಮಂದಿರಕ್ಕೂ ಇಲ್ಲ. ಅಲ್ಲಿ ಕೆಳಗೆ ನಿಂತು ಮಾಮೂಲಿ ದನಿಯಲ್ಲಿ ಕನ್ನಡದಲ್ಲಿ ಮಗ್ಗಿ ಹೇಳಿದೆ, ಮೇಲಿನ ಸಾಲುಗಳಲ್ಲಿದ್ದ ಗೆಳೆಯನಿಗೆ ಬಹುಪಾಲು ಕೇಳಿಸಿತು. ಜೂನ್-ಜುಲೈನಲ್ಲಿ ಉತ್ಸವಕ್ಕೆ ವೇದಿಕೆ ಕಟ್ಟಿರುತ್ತಾರೆ, ಆಗ ಈ ಆಟ ನಡೆಯುವುದಿಲ್ಲ. ವಾಪಸ್ ಇಳಿಯಲು ಮೊಂತೆ ದ್ಯು ಗುರ್ಗಿಯೋಂ ಓಣಿ. ಕಲ್ಲುಹಾಸು, ಮಳೆ ಬಂದರೆ ಜಾರುತ್ತದೆ, ಒಳ್ಳೆ ಶೂ ಬೇಕು.

ಒಂದು ಕಾಫಿ ಸೇರಿದರೂ ನನಗೆ ಆದದ್ದು 18 ಯೂರೋ ಆಸುಪಾಸು. ಡಿಸೆಂಬರ್ 8ರ ದೀಪದ ಹಬ್ಬದ ಸುತ್ತಮುತ್ತ ಮಾತ್ರ ಈ ದಾರಿ ಬೇಡ. ಊರು ಪೂರ್ತಿ ಜನ, ರಸ್ತೆಗಳಿಗೆ ಅಡ್ಡಗಟ್ಟೆ. ಆ ವಾರಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ.