ರೂಮ್ ಬುಕ್ ಮಾಡದೆ, ನೂರು ಸಿಸಿ ಗಾಡಿಯಲ್ಲಿ, ಒಬ್ಬನೇ ಸ್ಪಿತಿಗೆ

ಹಳೇ ಸ್ಪ್ಲೆಂಡರ್‌ನಲ್ಲಿ ಒಬ್ಬನೇ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗ್ತೀನಿ, ಎಲ್ಲೂ ರೂಮ್ ಬುಕ್ ಮಾಡಲ್ಲ ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಗಾಡಿ ಅಲ್ಲಿನ ಕುಂಜುಮ್ ಘಾಟಿ ಹತ್ತಲ್ಲ ಅಂದರು ಕೆಲವರು. ಉಳಿದವರ ತಕರಾರು ಬೇರೆ: "ಗುರುತಿಲ್ಲದ ಊರಲ್ಲಿ ನಿನ್ನನ್ನ ಯಾರು ಒಳಗೆ ಕರೀತಾರೆ?" ಕರೆದರು. ದಾರಿಯುದ್ದಕ್ಕೂ ಕರೆದರು. ಬೆಂಗಳೂರಿನಿಂದ ಸ್ಪಿತಿಯ ಮುಖ್ಯ ಊರು ಕಾಜಾಗೆ ಹೋಗಿ ಮನಾಲಿ ಮೇಲೆ ವಾಪಸ್ ಬಂದೆ. ಸುಮಾರು 6,500 ಕಿ.ಮೀ. ಆಗಿರಬೇಕು. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಗಾಡಿ ವಿಷಯ. ಸ್ಪ್ಲೆಂಡರ್ ಆಯ್ಕೆ ಮಾಡಿದ್ದು ದುಡ್ಡು ಉಳಿಸೋಕೆ ಮಾತ್ರ ಅಲ್ಲ. ದೊಡ್ಡ ಗಾಡಿ ನಿಲ್ಲಿಸಿದರೆ ಜನ ದೂರದಿಂದ ನೋಡುತ್ತಾರೆ. ಸ್ಪ್ಲೆಂಡರ್ ನಿಲ್ಲಿಸಿದರೆ ಹತ್ತಿರ ಬಂದು ಏನಾಯ್ತು ಅಂತ ಕೇಳುತ್ತಾರೆ. ಅವರ ಮನೆಯಲ್ಲೂ ಅದೇ ಗಾಡಿ ಇರುತ್ತದೆ ಅಲ್ವಾ!

ಇದು ಪಕ್ಕಾ ಆಗಿದ್ದು ಜೇವರ್ಗಿಯ ಈಚೆ. ಚಿತ್ರದುರ್ಗದಿಂದ ನಾಂದೇಡ್‌ವರೆಗೆ ಎನ್‌ಎಚ್ 50 ಒಂದೇ ರಸ್ತೆ, ಎರಡೂ ಕಡೆ ತೊಗರಿ ಹೊಲ. ಹಿಂದಿನ ಚಕ್ರ ಕೂತಿತು. ಬಿಚ್ಚಿ ನೋಡಿದರೆ ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತು ಬಂದಿತ್ತು. ಅಲ್ಲಿ ಪ್ಯಾಚ್ ನಿಲ್ಲಲ್ಲ, ನಿಮಗೇ ಗೊತ್ತು. ಸ್ಪೇರ್ ಟ್ಯೂಬ್ ಹಿಂದಿನ ದಿನ ಕುಷ್ಟಗಿ ಹತ್ತಿರವೇ ಖರ್ಚಾಗಿತ್ತು. ಹೊಲದಿಂದ ಒಬ್ಬ ಹಿರಿಯರು ಬಂದರು, ಟ್ಯೂಬ್ ಕೈಗೆ ತಗೊಂಡು ತಿರುಗಿಸಿ ನೋಡಿದರು. ಏನೂ ಹೇಳದೆ ಹೋಗಿ ತಮ್ಮ ಗಾಡಿ ತಳ್ಳಿಕೊಂಡು ಬಂದರು. ಅದೂ ಸ್ಪ್ಲೆಂಡರ್ರೇ. ಅದನ್ನು ಮಗ್ಗುಲಿಗೆ ಒರಗಿಸಿ, ಹಿಂದಿನ ಚಕ್ರ ಬಿಚ್ಚಿ, ಒಳಗಿನ ಟ್ಯೂಬ್ ಎಳೆದು ನನ್ನ ಕೈಗೆ ಕೊಟ್ಟರು. ಬೇಡ ಅಂದೆ. "ನಮ್ ಗಾಡಿ ಮನ್ಯಾಗೇ ನಿಂತಿರ್ತದ. ನೀವು ದೂರ ಹೋಗೋರು, ತಗೋರಿ" ಅಂದರು. ಟ್ಯೂಬಿನ ಮೇಲೆ ಹಳೆಯ ಪ್ಯಾಚ್ ಮೂರೋ ನಾಲ್ಕೋ ಇದ್ದವು, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿಯೇ ಕೊಟ್ಟರು. ಆ ಟ್ಯೂಬ್ ಸ್ಪಿತಿಗೆ ಹೋಗಿ ಬಂತು. ಅವರ ಮನೆಯಲ್ಲಿ ಅಕ್ಕ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. "ಉಣ್ಣದೇ ಹ್ಯಾಂಗ ಹೋಗ್ತೀರಿ" ಅಂತ ಕೇಳಿದ ಆ ದನಿ ಇನ್ನೂ ಕಿವಿಯಲ್ಲಿದೆ. ವಾಪಸ್ ಬರುವಾಗ ಅದೇ ದಾರಿ ಹಿಡಿದೆ. ಎರಡು ಹೊಸ ಟ್ಯೂಬ್, ಸ್ಪಿತಿ ದಾರಿಯಲ್ಲಿ ಸಿಗುವ ಕಿನ್ನೌರ್‌ನ ಒಣ ಏಪ್ರಿಕಾಟ್ ಕೊಟ್ಟೆ. ಒಂದೇ ಟ್ಯೂಬ್ ಇಟ್ಟುಕೊಂಡರು.

ರಾತ್ರಿ ಮಲಗೋದು ಎಲ್ಲಿ ಅನ್ನೋದೇ ಎಲ್ಲರ ಪ್ರಶ್ನೆ. ಬೀದರ್‌ನ ಗುರುನಾನಕ್ ಝೀರಾ, ನಾಂದೇಡ್‌ನ ಹಜೂರ್ ಸಾಹಿಬ್, ಈ ಎರಡು ಗುರುದ್ವಾರದಲ್ಲಿ ಚಿಂತೆಯೇ ಇಲ್ಲ. ಲಂಗರ್‌ನಲ್ಲಿ ಊಟ, ಮಲಗಲು ಜಾಗ. ಊಟ ಆದಮೇಲೆ ತಟ್ಟೆ ತೊಳೆಯೋಕೆ ನಿಂತೆ. ಪಕ್ಕದಲ್ಲಿ ತೊಳೆಯುತ್ತಿದ್ದ ಲಾರಿ ಮಾಲೀಕರೊಬ್ಬರು ಅಕೋಲಾವರೆಗಿನ ರಸ್ತೆಯನ್ನು ಗುಂಡಿ ಗುಂಡಿ ಸಮೇತ ಹೇಳಿದರು. ಯಾವ ಮ್ಯಾಪೂ ಅಷ್ಟು ಹೇಳಲ್ಲ.

ಕೆಲಸ ಮಾಡದೇ ಇದ್ದ ಉಪಾಯಗಳೂ ಇವೆ. ಪೇಟೆಯ ಪೆಟ್ರೋಲ್ ಬಂಕ್‌ನಲ್ಲಿ ಮಲಗಲು ಬಿಡಲ್ಲ, ಹೆದ್ದಾರಿಯ ಲಾರಿ ನಿಲ್ಲುವ ಬಂಕ್‌ನಲ್ಲಿ ಬಿಡುತ್ತಾರೆ. ಕತ್ತಲಾದ ಮೇಲೆ ಕೇಳಿದರೆ ಎಲ್ಲೂ ನಡೆಯಲ್ಲ. ನಾಲ್ಕು, ನಾಲ್ಕೂವರೆಗೇ ನಿಲ್ಲಬೇಕು. ಮೊದಲೇ ದುಡ್ಡಿನ ಮಾತು ತೆಗೆದರೂ ಕೆಟ್ಟಿತು, ಎದುರಿನವರ ಮುಖ ಚಿಕ್ಕದಾಗುತ್ತದೆ. ಟೆಂಟ್‌ಗೆ ಮೂರೂವರೆ ಸಾವಿರ ಹೋಯಿತು, ಒಮ್ಮೆಯೂ ಬಿಚ್ಚಲಿಲ್ಲ. ವಾಶಿಮ್ ಕಡೆ ಒಂದು ಲಾಡ್ಜ್‌ನಲ್ಲಿ ಒಬ್ಬರೇ ಆದರೆ ರೂಮ್ ಇಲ್ಲ ಅಂದರು. ಎದುರಿನ ಪಂಕ್ಚರ್ ಅಂಗಡಿ ಹುಡುಗ ಅದನ್ನು ಕೇಳಿಸಿಕೊಂಡು ತನ್ನ ಚಾರ್‌ಪಾಯಿ ಬಿಟ್ಟುಕೊಟ್ಟ, ತಾನು ಹಳೇ ಟೈರ್‌ಗಳ ಮೇಲೆ ಹಲಗೆ ಹಾಕಿ ಮಲಗಿದ. ಬೆಳಿಗ್ಗೆ ಚಹಾದ ದುಡ್ಡೂ ಅವನೇ ಕೊಟ್ಟ.

ಊರಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು, ಮೊದಲ ಮಾತು ಏನು ಆಡಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಬಾಯಿಪಾಠ ಮಾಡಿ ಹೇಳಿದರೆ ಅದು ಕೆಲಸಕ್ಕೆ ಬರಲ್ಲ.

ಒಂದು ಸಣ್ಣ ಪ್ರಯೋಗ ಚೆನ್ನಾಗಿ ಕೂತಿತು. ಅರ್ಧ ಕೆಜಿ ಕಾಫಿ ಪುಡಿ, ಚಿಕ್ಕ ಸ್ಟೀಲ್ ಫಿಲ್ಟರ್ ಒಯ್ದಿದ್ದೆ. ದುಡ್ಡು ಬೇಡ ಅನ್ನುವ ಮನೆಯಲ್ಲಿ ಬೆಳಿಗ್ಗೆ ನಾನೇ ಕಾಫಿ ಮಾಡುತ್ತಿದ್ದೆ. ಕಿನ್ನೌರ್‌ನ ನಾಕೋ ಊರು 3,600 ಮೀಟರ್‌ಗೂ ಮೇಲಿದೆ. ಅಲ್ಲಿ ನೀರು 88 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಡಿಕಾಕ್ಷನ್ ತೆಳುವಾಯಿತು. ಪುಡಿ ಒಂದೂವರೆ ಪಟ್ಟು ಹಾಕಿದ ಮೇಲೆ ಸರಿಹೋಯಿತು. ಮನೆಯ ಅಜ್ಜಿ ಎರಡನೇ ಲೋಟ ಕೇಳಿದರು. ಹೊರಡುವಾಗ ನನ್ನ ಗ್ಲೌಸ್ ಒಳಗೆ ಹಾಕಿಕೊಳ್ಳಲು ತಾವೇ ಹೆಣೆದ ಉಣ್ಣೆಯ ಕೈಗವಸು ಕೊಟ್ಟರು.

ಕುಂಜುಮ್ ಸುಮಾರು 4,550 ಮೀಟರ್. ಕಾರ್ಬುರೇಟರ್ ಗಾಡಿ ಅಲ್ಲಿ ರಿಚ್ ಆಗುತ್ತದೆ, ಅಂದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪು ಹಿಡಿಯುತ್ತದೆ. ಕಾಜಾದ ಮೆಕ್ಯಾನಿಕ್ ಏರ್ ಸ್ಕ್ರೂ ಸರಿಮಾಡಿದರು. ಪೆಟ್ರೋಲ್ ಬಿಡುವ ಮೇನ್ ಜೆಟ್ ನಾನೇ ಬದಲಿಸಿದೆ, ಯಾವ ನಂಬರ್ ಅಂತ ಕೇಳಬೇಡಿ. ಫಸ್ಟ್ ಗೇರ್‌ನಲ್ಲೇ ಆದರೂ ಒಂದು ಸಲವೂ ತಳ್ಳದೆ ಹತ್ತಿದೆ. ಅಲ್ಲಿನ ರೂಢಿಯಂತೆ ಕುಂಜುಮ್ ದೇವಿಗೆ ಒಂದು ಸುತ್ತು ಹಾಕಿದೆ. ಹತ್ತಲ್ಲ ಅಂದವರಿಗೆ ಫೋಟೋ ಕಳಿಸಿದ್ದೇನೆ.

ಕುಂಜುಮ್ ಇಳಿದ ಮೇಲೆ ಸಿಗುವ ಬಾತಲ್‌ನ ಚಾಚಾ-ಚಾಚಿ ಧಾಬಾ ನಿಮ್ಮಲ್ಲಿ ಹಲವರಿಗೆ ಗೊತ್ತು. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಎಷ್ಟೋ ಸಲ ಉಳಿಸಿದ ದಂಪತಿ ಅವರು. ಅಲ್ಲಿ ರಾಜ್ಮಾ ಚಾವಲ್ ತಿಂದು ಹೊರಟೆ. ಮನಾಲಿ ದಾರಿಯ ಛತ್ರು ತಲುಪುವ ಮೊದಲೇ ಮಧ್ಯಾಹ್ನವಾಯಿತು. ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ ನಾಲಾ ನೀರು ಏರಿತ್ತು. ರಸ್ತೆ ಕೆಲಸದ ಜಾರ್ಖಂಡ್ ಹುಡುಗರು ನಾಲ್ವರು ಕೇಳದೆಯೇ ಮೊಣಕಾಲುದ್ದ ನೀರಿಗೆ ಇಳಿದರು. ಹಿಮದ ನೀರು ಅದು, ಅರ್ಧ ನಿಮಿಷಕ್ಕೆ ಕಾಲು ಮರಗಟ್ಟುತ್ತದೆ. ಗಾಡಿ ದಾಟಿಸಿ, ನನ್ನ ಶೂ ಬಿಚ್ಚಿಸಿ, ಡಾಂಬರು ಕಾಯಿಸುವ ಒಲೆ ಪಕ್ಕ ಕೂರಿಸಿ, ತಮ್ಮ ಪಾಲಿನ ಚಹಾ ಕೊಟ್ಟರು. ದಿನವಿಡೀ ಕಲ್ಲು ಹೊರುವವರು ಅವರು. ಇಂಥ ಜನರ ಹೆಸರು ಯಾವ ಟ್ರಿಪ್ ವಿಡಿಯೋದಲ್ಲೂ ಬರಲ್ಲ, ಅದು ನನಗೆ ತುಂಬ ನೋವಿನ ಸಂಗತಿ.

ಖರ್ಚು ಹೇಳಿಬಿಡುತ್ತೇನೆ. ಪೆಟ್ರೋಲ್ ಹನ್ನೊಂದು ಸಾವಿರದ ಆಸುಪಾಸು, ಲೋಡ್ ಇದ್ದೂ ಲೀಟರ್‌ಗೆ 58-60 ಕಿ.ಮೀ. ಬಂತು. ಊಟ, ಚಹಾ ನಾಲ್ಕು ಸಾವಿರ. ಎರಡು ಸಲ ಆಯಿಲ್, ಚೈನ್, ಬ್ರೇಕ್ ಶೂ ಸೇರಿ ಎರಡೂವರೆ ಸಾವಿರ. ಹುಂಡಿ, ಲಂಗರ್, ಮಕ್ಕಳಿಗೆ ಪುಸ್ತಕ ಅಂತ ಎರಡು ಸಾವಿರ. ಟೆಂಟ್ ಬಿಟ್ಟರೆ ಇಪ್ಪತ್ತು ಸಾವಿರದ ಒಳಗೆ ಮುಗಿಯಿತು. ಹೋಗುವವರು ಕಿನ್ನೌರ್‌ನ ರಿಕಾಂಗ್ ಪಿಯೋ ಕೆಳಗಿನ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಆಮೇಲೆ ಬಂಕ್ ಸಿಗೋದು ಕಾಜಾದಲ್ಲೇ. ಬಾತಲ್‌ನಿಂದ ಬೆಳಿಗ್ಗೆ ಆರಕ್ಕೇ ಹೊರಡಿ. ಆ ರಸ್ತೆ ಹುಡುಗರಿಗೆ ಎರಡು ಕೆಜಿ ಸಕ್ಕರೆ, ಚಹಾ ಪುಡಿ ಒಯ್ಯಿರಿ.