ಒಂದು ಜಾಕೆಟ್‌ಗೆ ಏಳೂವರೆ ಕೆಜಿ

ಮುಂಬೈಯಲ್ಲಿ ಕಸ್ಟಮ್ಸ್ ಬ್ರೋಕರ್ ಒಬ್ಬರ ಹತ್ತಿರ, ಅಂದರೆ ಆಮದು-ರಫ್ತು ಮಾಡುವವರ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡಿಸುವವರ ಹತ್ತಿರ, ನಾನು ಕೆಲಸಕ್ಕೆ ಸೇರಿ 19 ವರ್ಷ ಆಯಿತು. ಕಸ್ಟಮ್ಸ್‌ನ ಪರೀಕ್ಷೆ ಪಾಸಾದ ನೌಕರರಿಗೆ ಸಿಗುವ ಜಿ ಕಾರ್ಡ್ ಇದೆ. ಮನೆ ಡೊಂಬಿವ್ಲಿ. ಅರ್ಧ ದಿನ ಮಸ್ಜಿದ್ ಬಂದರಿನ ಆಫೀಸು, ಇನ್ನರ್ಧ ಹಡಗು ಬಂದರು ನಾವಾ ಶೇವಾ. ಹೊರದೇಶದ ಬಂಡುಕೋರರಿಗೆ ಹೋಗುವ ಸರಕು ಹಿಡಿಯುವುದು ದೊಡ್ಡ ಅಧಿಕಾರಿಗಳ ಕೆಲಸ, ನನ್ನಂಥ ಗುಮಾಸ್ತನದ್ದಲ್ಲ ಅಂದುಕೊಂಡಿದ್ದೆ.

ಆಮೇಲೆ ಒಂದು ಪ್ಯಾಕಿಂಗ್ ಲಿಸ್ಟ್ ಕೈಗೆ ಬಂತು. ಸರಕಿನ ಹೆಸರು ಸೇಫ್ಟಿ ಜಾಕೆಟ್. 800 ಪೀಸು, 200 ಪೆಟ್ಟಿಗೆ, ನೆಟ್ ತೂಕ 6000 ಕೆಜಿ. ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಅರ್ಜಿ, ತುಂಬಿಸುವಾಗ ಸುಮ್ನೆ ಭಾಗಿಸಿ ನೋಡಿದೆ. ಒಂದಕ್ಕೆ ಏಳೂವರೆ ಕೆಜಿ! ರಸ್ತೆ ಕೆಲಸದವರು ಹಾಕುವ ಹೊಳೆಯುವ ಪಟ್ಟಿಯ ಜಾಕೆಟ್ ಕಾಲು ಕೆಜಿಯೂ ತೂಗುವುದಿಲ್ಲ. ಇಷ್ಟು ತೂಗುವುದು ಒಳಗೆ ಗಟ್ಟಿ ಪ್ಲೇಟ್ ಇರುವ, ಗುಂಡು ತಡೆಯುವ ಜಾಕೆಟ್.

ಕೊಳ್ಳುವವರು ದುಬೈಯ ಒಂದು ಟ್ರೇಡಿಂಗ್ ಕಂಪನಿ. ನೋಟಿಫೈ ಪಾರ್ಟಿ, ಅಂದರೆ ಸರಕು ಬಂತು ಎಂದು ತಿಳಿಸಬೇಕಾದವನು, ಮಾತ್ರ ಚಾಡ್ ದೇಶದ ಪೂರ್ವದ ಒಂದು ಊರಿನವನು. ಮ್ಯಾಪ್ ತೆಗೆದೆ. ಗಡಿ ದಾಟಿದರೆ ಸುಡಾನಿನ ದಾರ್ಫುರ್. ಅಲ್ಲಿ ಹೋರಾಡುವ ಸರ್ಕಾರೇತರ ಪಡೆಗಳಿಗೆ ಆಯುಧ ಕೊಡಬಾರದು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2004ರಲ್ಲೇ ನಿರ್ಣಯ ಮಾಡಿದೆ. ಮರುವರ್ಷ ಅದನ್ನು ಇನ್ನೂ ಬಿಗಿ ಮಾಡಿತು. ಬಂದೂಕು, ಗುಂಡು ಅಷ್ಟೇ ಅಲ್ಲ, ಮಿಲಿಟರಿ ಸಲಕರಣೆಯೂ ಅದರಲ್ಲಿ ಬರುತ್ತದೆ.

ನಮ್ಮ ಧಣಿ ಕುಂದಾಪುರದ ಕಡೆಯವರು, ಒಳ್ಳೆಯ ಮನುಷ್ಯರು. "ಪಾರ್ಟಿ ಹಳೆಯವರು ಮಾರಾಯಾ. ಬಂದೂಕಂತೂ ಅಲ್ವಲ್ಲ?" ಎಂದರು.

"ಅಲ್ಲ ಧಣಿ. ಆದರೆ ಮಿಲಿಟರಿ ಮಟ್ಟದ ಜಾಕೆಟ್ ಸ್ಕೋಮೆಟ್ ಪಟ್ಟಿಯ, ಅಂದರೆ ಪರವಾನಗಿ ಇಲ್ಲದೆ ರಫ್ತು ಮಾಡಬಾರದ ಸರಕಿನ ಪಟ್ಟಿಯ, 6ನೇ ವಿಭಾಗದಲ್ಲಿದೆ. ರಕ್ಷಣಾ ಉತ್ಪಾದನಾ ಇಲಾಖೆಯ ಪರವಾನಗಿ ಬೇಕು. ಕೊನೆಗೆ ಯಾರು ಬಳಸುತ್ತಾರೆ ಎಂಬ ಸರ್ಟಿಫಿಕೇಟೂ ಬೇಕು" ಎಂದೆ.

ಕ್ಯಾಟಲಾಗು, ಟೆಸ್ಟ್ ರಿಪೋರ್ಟ್ ಕಳಿಸಿ ಎಂದು ಪಾರ್ಟಿಗೆ ಬರೆದೆವು. ಎರಡು ದಿನ ಬಿಟ್ಟು ಬಂದದ್ದು ಹೊಸ ಪ್ಯಾಕಿಂಗ್ ಲಿಸ್ಟ್. ಅದೇ 800 ಪೀಸು, ತೂಕ ಮಾತ್ರ 200 ಕೆಜಿ. ಅದನ್ನು ಓದಿ ನನ್ನ ಕೈ ತಣ್ಣಗಾಯಿತು. 2016ರ ಜುಲೈಯಿಂದ ಯಾವ ಕಂಟೇನರ್ ಆದರೂ ಹಡಗು ಹತ್ತುವ ಮೊದಲು ತುಂಬಿದ ತೂಕವನ್ನು ಖಚಿತ ಮಾಡಿ ಕೊಡಬೇಕು. ಕಾಗದದಲ್ಲಿ ತೂಕ ಇಳಿಸಿದರೆ ತಕ್ಕಡಿಯಲ್ಲಿ ಇಳಿಯುತ್ತದಾ?

ಆಗ ಧಣಿಗೂ ಮನವರಿಕೆಯಾಯಿತು. ಬ್ರೋಕರ್‌ಗಳ 2018ರ ನಿಯಮಾವಳಿಯ 10ನೇ ನಿಯಮ ಸ್ಪಷ್ಟವಾಗಿದೆ. ಗಿರಾಕಿಗೆ ಕಾನೂನು ತಿಳಿಸಬೇಕು. ಅವನು ಕೇಳದಿದ್ದರೆ ಡೆಪ್ಯುಟಿ ಅಥವಾ ಅಸಿಸ್ಟೆಂಟ್ ಕಮಿಷನರ್ ಗಮನಕ್ಕೆ ತರಬೇಕು. ಎರಡೂ ಲಿಸ್ಟ್ ಜೊತೆಗಿಟ್ಟು ಪತ್ರ ಬರೆದೆವು. ಸಿಎಫ್‌ಎಸ್‌ನಲ್ಲಿ, ಅಂದರೆ ಕಂಟೇನರ್‌ಗೆ ಸರಕು ತುಂಬಿಸುವ ಗೋದಾಮಿನಲ್ಲಿ, ಪೆಟ್ಟಿಗೆ ಒಡೆದಾಗ ನಾನೂ ಅಲ್ಲಿದ್ದೆ. ಮೇಲೆ ಕಿತ್ತಳೆ ಬಣ್ಣದ ಬಟ್ಟೆ, ಅದರ ಕೆಳಗೆ ಪ್ಲೇಟುಗಳು. ಸರಕು ಅಲ್ಲೇ ನಿಂತಿತು. ಆ ಗಿರಾಕಿ ನಮ್ಮನ್ನು ಬಿಟ್ಟರು. ಅವರ ಜೊತೆ ಇನ್ನೂ ಮೂರು ಪಾರ್ಟಿ ಹೋದರು. ಆ ವರ್ಷ ನಮಗೆ ನಿಜಕ್ಕೂ ಕಷ್ಟವಾಯಿತು.

ಈಗ ಹೊಸ ಹುಡುಗರಿಗೆ ಮೊದಲು ಕಲಿಸುವುದು ಆ ಭಾಗಾಕಾರ. ಆಮೇಲೆ ನೋಟಿಫೈ ಪಾರ್ಟಿಯ ಊರನ್ನು ಮ್ಯಾಪಿನಲ್ಲಿ ಹುಡುಕುವುದು. ನಮ್ಮ ದೇಶದ ಜೊತೆ ಶಾಂತಿಯಿಂದಿರುವ ಸರ್ಕಾರದ ಮೇಲೆ ಯುದ್ಧ ಮಾಡುವುದು, ಅದಕ್ಕೆ ಕುಮ್ಮಕ್ಕು ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 153ನೇ ಕಲಮಿನಲ್ಲಿ ಅಪರಾಧ ಎಂದೂ ಹೇಳುತ್ತೇನೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಏಷ್ಯಾದ ದೇಶಗಳಿಗಷ್ಟೇ ಇತ್ತು. ಈಗ ಎಲ್ಲ ದೇಶಕ್ಕೂ ಇದೆ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದಾಗ ಮಗಳು ಆನಿ ಲಾರ್ಸೆನ್ ಹಡಗಿನ ಕಥೆ ತೆಗೆದಳು. ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. 1915ರಲ್ಲಿ, ಬ್ರಿಟಿಷರ ವಿರುದ್ಧ ದಂಗೆಗೆ ಹೊರಟಿದ್ದ ಗದರ್ ಪಕ್ಷದವರಿಗಾಗಿ ಜರ್ಮನರು ಕೊಂಡ ಬಂದೂಕುಗಳು ಆ ಹಡಗಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಹೊರಟವು. ಕಾಗದದಲ್ಲಿದ್ದದ್ದು ಮೆಕ್ಸಿಕೊದ ಒಂದು ಬಂದರು. ಸಮುದ್ರದಲ್ಲಿ ಮಾವೆರಿಕ್ ಎಂಬ ಇನ್ನೊಂದು ಹಡಗಿಗೆ ಸರಕು ದಾಟಿಸಬೇಕಿತ್ತು. ಎರಡೂ ಸೇರಲೇ ಇಲ್ಲ. ಜೂನ್ ಕೊನೆಗೆ ಹೊಕ್ವಿಯಂ ಎಂಬಲ್ಲಿ ಅಮೆರಿಕದವರು ಹಿಡಿದರು. ಆಗ ಅಮೆರಿಕ ಯುದ್ಧದಲ್ಲಿ ತಟಸ್ಥವಾಗಿತ್ತು. ಆ ತಟಸ್ಥ ನೀತಿಯ ಕಾನೂನು ಮುರಿದರೆಂದೇ 1917ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಚಾರಣೆ ಶುರುವಾಯಿತು.

"ಆ ಕಾಗದ ನಿಮ್ಮ ಟೇಬಲ್ಲಿಗೆ ಬಂದಿದ್ದರೆ ಏನು ಮಾಡ್ತಿದ್ರಿ ಅಪ್ಪಾ?" ಎಂದು ಕೇಳಿದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಗದರಿನವರು ನಮಗಾಗಿ ಪ್ರಾಣ ಕೊಟ್ಟವರು. ಬೆಳಿಗ್ಗೆ ಅವಳಿಗೆ ಹೇಳಿದೆ: "ಪತ್ರ ಬರೆಯುತ್ತಿದ್ದೆ ಮಗಾ, ಅಳುತ್ತಾ ಬರೆಯುತ್ತಿದ್ದೆ. ಸುಳ್ಳು ಊರು ಬರೆದ ಪೆಟ್ಟಿಗೆ ಯಾರ ಕೈಗೆ ಹೋಗುತ್ತದೆ ಎಂದು ನನ್ನ ಟೇಬಲ್ಲಿಗೆ ಕಾಣುವುದಿಲ್ಲ."

ಅವಳು ಇನ್ನೂ ಒಪ್ಪಿಲ್ಲ.