ಗಾಳ ಮತ್ತು ಹಕ್ಕಿ: ಮರದ ನೆರಳಿನಲ್ಲಿ ಎರಡೂ ಒಲಿದ ಬಗೆ

ನದಿಯಂಚಿನ ಉದ್ಯಾನದಲ್ಲಿ ಒಂದೇ ಬಿಡಾರದಲ್ಲಿದ್ದುಕೊಂಡು ಗಾಳವನ್ನೂ ಹಾಕುತ್ತೇನೆ, ಹಕ್ಕಿಗಳನ್ನೂ ನೋಡುತ್ತೇನೆ ಎಂದಾಗ ಎರಡೂ ಹವ್ಯಾಸದ ಗೆಳೆಯರು ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂದಿದ್ದರು. ಮೊದಲ ಐದಾರು ಸಲ ಅವರ ಮಾತೇ ನಿಜವಾಯಿತು.

ತೊಡಕು ಇದ್ದದ್ದು ಬೆಳಕಿನಲ್ಲಿ. ಬೆಳಿಗ್ಗೆ ಎದುರುದಡದ ಹಕ್ಕಿಯ ಬಣ್ಣ ಕಾಣಬೇಕಾದರೆ ಸೂರ್ಯ ಬೆನ್ನ ಹಿಂದಿರಬೇಕಾದ್ದರಿಂದ ನಾನು ಪೂರ್ವದ ದಡದಲ್ಲಿ ಕೂರುತ್ತಿದ್ದೆ. ಆದರೆ ನನ್ನ ಉದ್ದನೆಯ ನೆರಳು ನೀರಿನ ಮೇಲೆ ಚಾಚಿಕೊಂಡು, ಕೈ ಅಲುಗಿದಾಗಲೆಲ್ಲ ಅಂಚಿನ ಮೀನುಗಳು ಚದುರುತ್ತಿದ್ದವು. ದಡ ಬದಲಿಸಿದರೆ ಮೀನು ಕಚ್ಚುತ್ತಿತ್ತು, ಹಕ್ಕಿಗಳು ಬರಿಯ ಕಪ್ಪು ಆಕೃತಿಗಳಾಗುತ್ತಿದ್ದವು. ಕೊನೆಗೆ ಪೂರ್ವದ ದಡದಲ್ಲೇ, ನೀರಿನತ್ತ ಬಾಗಿದ ಮರವೊಂದರ ಬುಡಕ್ಕೆ ಒರಗಿ ಕುಳಿತೆ. ಮರದ ನೆರಳಿನೊಳಗೆ ನನ್ನ ನೆರಳು ಕರಗಿಹೋಯಿತು. ಅರ್ಧ ಗಂಟೆಯೊಳಗೆ ಮಿಂಚುಳ್ಳಿಯೊಂದು ನನ್ನ ಬೆಂಡಿನಿಂದ ನಾಲ್ಕು ಮಾರು ದೂರದಲ್ಲಿ ಧುಮುಕಿ, ಹಿಡಿದ ಮೀನನ್ನು ಕೊಂಬೆಗೆ ಬಡಿದು ನುಂಗಿತು. ಅಂದಿನಿಂದ ಅದು ಪದೇ ಪದೇ ಧುಮುಕುವ ಜಾಗವನ್ನು ಗುರುತಿಟ್ಟುಕೊಂಡು, ಅದರಾಚೆಯ ಆಳಕ್ಕೆ ಗಾಳ ಬಿಡುತ್ತೇನೆ. ಮರಿಮೀನುಗಳ ಹಿಂದೆ ದೊಡ್ಡವು ಇದ್ದೇ ಇರುತ್ತವೆ. ಎರೆಯ ಹಿಟ್ಟಿಗೆ ಏನು ಬೆರೆಸುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳಲಾರೆ.

ಹಣ ಕಳೆದುಕೊಂಡದ್ದು ದುರ್ಬೀನಿನಲ್ಲಿ. ಹಗುರವೆಂದು 10x25, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 25 ಮಿ.ಮೀ. ಅಗಲದ್ದು, ಕೊಂಡಿದ್ದೆ. ಅದರಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ 2.5 ಮಿ.ಮೀ. ಮಾತ್ರ, ಮುಂಜಾನೆಯ ಮರದಡಿಯಲ್ಲಿ ಎಲೆ ಯಾವುದು, ಹಕ್ಕಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅರ್ಧ ಬೆಲೆಗೆ ಮಾರಿ, ವೃತ್ತ ಐದು ಮಿ.ಮೀ. ಮೀರುವ 8x42 ತೆಗೆದುಕೊಂಡ ಮೇಲೆ ಪೊದೆಯೊಳಗಿನ ಹಕ್ಕಿಯ ಹುಬ್ಬಿನ ಗೆರೆಯೂ ಕಂಡಿತು.

ಟೆಂಟಿನದು ಬೇರೆಯ ಕಥೆ. ನೀರಿನ ಅಂಚಿನಲ್ಲೇ ಹಾಕಿದಾಗ ಬೆಳಗಾಗುವಷ್ಟರಲ್ಲಿ ಒಳಬಟ್ಟೆಯಿಂದ ಹನಿ ತೊಟ್ಟಿಕ್ಕಿ ಹಾಸಿಗೆ ನೆನೆದಿತ್ತು. ಇನ್ನೊಮ್ಮೆ ನೀರುಕಾಗೆಗಳು ರಾತ್ರಿ ತಂಗುವ ಮರದ ಕೆಳಗೆ ಹಾಕಿ ಹೊರಹೊದಿಕೆಯನ್ನೇ ಹಾಳುಮಾಡಿಕೊಂಡೆ. ಹೊಸ ಹೊದಿಕೆಗೆ ಟೆಂಟಿನ ಬೆಲೆಯ ಮೂರನೆಯ ಒಂದು ಪಾಲು ಹೋಯಿತು. ಈಗ ನೀರಿನಿಂದ ಸುಮಾರು 60 ಮೀಟರ್ ದೂರದ ಎತ್ತರದಲ್ಲಿ, ಒಣಕೊಂಬೆಯಿಲ್ಲದ ಮರ ಪಶ್ಚಿಮಕ್ಕೆ ಬರುವಂತೆ ಹಾಕುತ್ತೇನೆ. ಬೆಳಗಿನ ಬಿಸಿಲು ಇಬ್ಬನಿಯನ್ನು ಒಣಗಿಸುತ್ತದೆ, ಮಧ್ಯಾಹ್ನ ನೆರಳು ಸಿಗುತ್ತದೆ.

ನಡುವೆ ಗಾಳದ ಕೋಲಿಗೆ ಗೆಜ್ಜೆ ಕಟ್ಟಿಯೂ ನೋಡಿದೆ. ಮೊದಲ ಮೀನು ಕಚ್ಚಿದೊಡನೆ ಗೆಜ್ಜೆಯ ಸದ್ದಿಗೆ, ಹತ್ತಿರ ನಿಂತಿದ್ದ ಬಕ ಹಾರಿಹೋಯಿತು. ಈಗ ದಾರವನ್ನು ಬೆರಳಿನ ಮೇಲೆ ಹಾಯಿಸಿಕೊಂಡು, ಕಣ್ಣನ್ನು ದುರ್ಬೀನಿನಲ್ಲೇ ಇಟ್ಟಿರುತ್ತೇನೆ. ಗಾಳ ಮುಳುಗಲೆಂದು ದಾರಕ್ಕೆ ಕಟ್ಟುತ್ತಿದ್ದ ಸೀಸದ ಗುಂಡುಗಳನ್ನು ಬಳಸುವುದನ್ನೂ ಬಿಟ್ಟಿದ್ದೇನೆ. ಅವನ್ನು ನುಂಗಿ ಹಂಸಗಳು ಸಾಯುತ್ತಿದ್ದ ಕಾರಣಕ್ಕೇ ಬ್ರಿಟನ್ನಿನಲ್ಲಿ 1987ರಲ್ಲಿ ಅವುಗಳ ಮೇಲೆ ನಿರ್ಬಂಧ ಬಂದಿತು. ತುಂಡಾದ ನೈಲಾನ್ ದಾರವನ್ನು ಒಂದು ಗೇಣೂ ಬಿಡದೆ ಡಬ್ಬಿಗೆ ಸುತ್ತಿಕೊಂಡು ಬರುತ್ತೇನೆ.

ಕಳೆದ ಸಲ ಎರಡು ರಾತ್ರಿಗಳಲ್ಲಿ ನಲವತ್ತರ ಆಸುಪಾಸು ಬಗೆಯ ಹಕ್ಕಿಗಳು ಕಂಡವು, ಹನ್ನೊಂದೋ ಹನ್ನೆರಡೋ ಮೀನುಗಳು ಸಿಕ್ಕವು. ಎರಡನ್ನು ಉಳಿಸಿಕೊಂಡು ಮಿಕ್ಕವನ್ನು ನೀರಿಗೆ ಬಿಟ್ಟೆ. ದೋಣಿಯ ಮಾತು ಹೇಳಿದ್ದ ಗೆಳೆಯರಲ್ಲಿ ಒಬ್ಬರು ಈ ಬಾರಿ ಅದೇ ಮರದ ಬುಡದಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು.